ಕಥನದ ಮೂಲಾಂಶಗಳು ಮತ್ತು ವಾಕ್ಯಶುದ್ಧಿ: ಬೋಧನಾಕ್ರಮದ ಒಂದು ಪರಿಶೀಲನೆ

ಪದವಿ ತರಗತಿಗಳ ಕನ್ನಡ ಬೋಧನೆಯಲ್ಲಿ ಕಥಾಸಾಹಿತ್ಯದ ಪಾಠವೂ ವಾಕ್ಯಶುದ್ಧಿಯ ಅಭ್ಯಾಸವೂ ಸಾಮಾನ್ಯವಾಗಿ ಎರಡು ಬೇರೆ ಘಟಕಗಳಾಗಿ, ಹಲವೊಮ್ಮೆ ಇಬ್ಬರು ಬೇರೆ ಅಧ್ಯಾಪಕರ ಹೊಣೆಯಾಗಿ ಹಂಚಿಹೋಗಿರುತ್ತವೆ. ಮೊದಲನೆಯದರಲ್ಲಿ ವಿದ್ಯಾರ್ಥಿಯು ವಸ್ತು, ಪಾತ್ರ, ಸನ್ನಿವೇಶ, ದೇಶಕಾಲ, ಸಂಘರ್ಷ, ದೃಷ್ಟಿಕೋನ ಎಂಬ ಹೆಸರುಗಳನ್ನು ಲಕ್ಷಣಸಮೇತ ಕಲಿಯುತ್ತಾನೆ. ಎರಡನೆಯದರಲ್ಲಿ ಸಂದರ್ಭವಿಲ್ಲದ ಹತ್ತು ಬಿಡಿ ವಾಕ್ಯಗಳನ್ನು ‘ತಿದ್ದಿ ಬರೆಯಿರಿ’ ಎಂಬ ಸೂಚನೆಯ ಕೆಳಗೆ ತಿದ್ದುತ್ತಾನೆ. ಒಂದು ಗಂಟೆಯಲ್ಲಿ ಕಲಿತದ್ದು ಇನ್ನೊಂದು ಗಂಟೆಯನ್ನು ಮುಟ್ಟುವುದಿಲ್ಲ. ಈ ಅಗಲಿಕೆಗೆ ಪರಿಭಾಷೆಯೇ ಒಂದು ಸಾಕ್ಷಿ. ವ್ಯಾಕರಣದ ಪಾಠದಲ್ಲಿ ‘ಪ್ರಥಮ ಪುರುಷ’ವೆಂದರೆ ಅವನು, ಅವಳು, ಅದು. ವಿಮರ್ಶೆಯ ಪಾಠದಲ್ಲಿ ‘ಪ್ರಥಮ ಪುರುಷ ನಿರೂಪಣೆ’ ಎಂದು ಅನೇಕರು ಹೇಳುವುದು ‘ನಾನು’ ಎಂದು ಸಾಗುವ ಕಥೆಗೆ. ಅದನ್ನೇ ‘ಉತ್ತಮ ಪುರುಷ ನಿರೂಪಣೆ’ ಎನ್ನುವವರೂ ಇದ್ದಾರೆ. ಒಂದೇ ವಿಭಾಗದೊಳಗೆ ಒಂದೇ ಪದ ಪರಸ್ಪರ ವಿರುದ್ಧವಾದ ಎರಡು ಅರ್ಥಗಳಲ್ಲಿ ಚಲಾವಣೆಯಲ್ಲಿದ್ದರೂ ಗೊಂದಲವನ್ನು ಯಾರೂ ಎತ್ತಿ ಆಡುವುದಿಲ್ಲವೆಂದರೆ, ಎರಡು ಪಾಠಗಳೂ ಒಂದನ್ನೊಂದು ಸಂಧಿಸಿಲ್ಲವೆಂದೇ ತಿಳಿಯಬೇಕು.

ಕನ್ನಡದ ಮಟ್ಟಿಗೆ ಈ ವಿಂಗಡಣೆ ಅಸಹಜವಾದುದು. ಕಥನದ ಮೂಲಾಂಶಗಳಲ್ಲಿ ಬಹು ಮುಖ್ಯವಾದ ನಿರೂಪಕನ ನಿಲುವು ಕನ್ನಡದಲ್ಲಿ ಸರ್ವನಾಮ, ಆಖ್ಯಾತಪ್ರತ್ಯಯ, ‘ಎಂದು’ ಎಂಬ ಅವ್ಯಯ ಇವುಗಳಲ್ಲಿಯೇ ನೆಲೆಸಿದೆ. ಆದ್ದರಿಂದ ವಾಕ್ಯವನ್ನು ತಿದ್ದುವವನು, ತನಗೆ ಅರಿವಿಲ್ಲದೆಯೇ, ಕಥೆ ಹೇಳುವವನನ್ನೂ ತಿದ್ದುತ್ತಿರುತ್ತಾನೆ. ಇದನ್ನು ಸ್ಪಷ್ಟಪಡಿಸಲು ತರಗತಿಯ ಬಳಕೆಗೆಂದು ರಚಿಸಿದ ಒಂದು ಮಾದರಿ ಖಂಡವನ್ನು ಪರಿಶೀಲಿಸಬಹುದು:

ನಿಂಗಮ್ಮ ಬಸ್ಸಿನಿಂದ ಇಳಿದಳು. ಮೋಡಗಳು ಕವಿದಿತ್ತು. ಈ ಊರಲ್ಲಿ ಯಾರನ್ನು ಕೇಳುವುದು? ನಾಳೆಯೂ ಕಚೇರಿಯ ಬಾಗಿಲು ತೆರೆಯದಿದ್ದರೆ? ಅಂಗಡಿಯ ಮುಂದೆ ನಿಂತಿದ್ದ ಸಾಹುಕಾರರು ಅವಳನ್ನು ನೋಡಿ ಒಳಗೆ ಹೋದರು. ಮೂಟೆ ಹೊರುತ್ತಿದ್ದ ಆಳು ಹತ್ತಿರ ಬಂದ. ‘ಯಾರ್ ಬೇಕಾಗಿತ್ತವ್ವಾ?’ ಅಂದ. ತಾನು ಅಣ್ಣನನ್ನು ಹುಡುಕಿಕೊಂಡು ಬಂದಿದ್ದೇನೆ ಎಂದಳು. ಇವನಾದರೂ ಹೇಳಿಯಾನು ಎಂದು ಕೊಂಡಳು.

ಒಂಬತ್ತು ವಾಕ್ಯಗಳ ಈ ಖಂಡದಲ್ಲಿ ನಿರ್ವಿವಾದವಾದ ದೋಷಗಳು ಎರಡೇ. ‘ಮೋಡಗಳು’ ಎಂಬ ಬಹುವಚನಕ್ಕೆ ‘ಕವಿದಿತ್ತು’ ಎಂಬ ಏಕವಚನ ಕ್ರಿಯಾಪದ ಹೊಂದುವುದಿಲ್ಲ. ‘ಎಂದು ಕೊಂಡಳು’ ಎಂದು ಬಿಡಿಸಿ ಬರೆದರೆ ಏನನ್ನೋ ಹೇಳಿ ಖರೀದಿಸಿದಳೆಂಬ ಅರ್ಥ ಬರುತ್ತದೆ. ಮನಸ್ಸಿನಲ್ಲಿ ಭಾವಿಸಿದಳೆಂಬ ಅರ್ಥಕ್ಕೆ ‘ಎಂದುಕೊಂಡಳು’ ಎಂಬ ಕೂಡಿಸಿದ ರೂಪವೇ ಬೇಕು. ಮೊದಲನೆಯ ದೋಷಕ್ಕೆ ಎರಡು ಪರಿಹಾರಗಳಿವೆ. ‘ಮೋಡಗಳು ಕವಿದಿದ್ದವು’ ಎನ್ನಬಹುದು. ‘ಮೋಡ ಕವಿದಿತ್ತು’ ಎಂದೂ ಹೇಳಬಹುದು. ನಪುಂಸಕ ನಾಮಪದಕ್ಕೆ ‘ಗಳು’ ಸೇರಿಸದೆಯೇ ಬಹುತ್ವವನ್ನು ಸೂಚಿಸುವುದು ಕನ್ನಡದ ಜಾಯಮಾನ. ಎರಡೂ ವ್ಯಾಕರಣಬದ್ಧವೇ ಆದರೂ, ಮಳೆಯ ಮುನ್ಸೂಚನೆಯನ್ನು ಕಂಡು ಆತಂಕಗೊಂಡ ಹಳ್ಳಿಯ ಹೆಣ್ಣುಮಗಳ ಕಣ್ಣಿಗೆ ಎರಡನೆಯದು ಹತ್ತಿರ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆ ಎದ್ದೊಡನೆ ವಾಕ್ಯಶುದ್ಧಿಯ ಪಾಠ ಕಥನದ ಪಾಠವಾಗಿ ಮಾರ್ಪಡುತ್ತದೆ.

ನಿಯಮಗಳನ್ನಷ್ಟೇ ಕಲಿತ ಶ್ರದ್ಧಾವಂತ ವಿದ್ಯಾರ್ಥಿ ಇಲ್ಲಿಗೆ ನಿಲ್ಲುವುದಿಲ್ಲ. ಕಥೆ ಭೂತಕಾಲದಲ್ಲಿದೆ, ‘ನಾಳೆ’ ಹೇಗೆ ಬಂದೀತು ಎಂದು ಅದನ್ನು ‘ಮರುದಿನ’ ಮಾಡುತ್ತಾನೆ. ನಿರೂಪಕನು ಆ ಊರಿನಲ್ಲಿಲ್ಲವಾದ್ದರಿಂದ ‘ಈ ಊರು’ ‘ಆ ಊರು’ ಆಗುತ್ತದೆ. ಪ್ರಶ್ನೆಗಳಿಗೆ ಕರ್ತೃ ಇಲ್ಲವೆಂದು ‘ಆ ಊರಿನಲ್ಲಿ ಯಾರನ್ನು ಕೇಳುವುದೆಂದು ಅವಳು ಯೋಚಿಸಿದಳು, ಮರುದಿನವೂ ಕಚೇರಿಯ ಬಾಗಿಲು ತೆರೆಯದಿದ್ದರೆ ಏನು ಮಾಡುವುದೆಂದು ಚಿಂತಿಸಿದಳು’ ಎಂದು ಪೂರ್ಣಗೊಳಿಸುತ್ತಾನೆ. ಈ ಹೊಸ ವಾಕ್ಯದಲ್ಲಿ ಹುಡುಕಿದರೂ ತಪ್ಪು ಸಿಕ್ಕುವುದಿಲ್ಲ, ಆದರೆ ನಿಂಗಮ್ಮನೂ ಸಿಕ್ಕುವುದಿಲ್ಲ. ಮೂಲದಲ್ಲಿ ಓದುಗನು ಅವಳ ಮನಸ್ಸಿನೊಳಗೆ ನಿಂತಿದ್ದನು. ತಿದ್ದುಪಡಿಯಲ್ಲಿ ನಿರೂಪಕನು ಅವಳ ಚಿಂತೆಯ ವರದಿಯನ್ನು ಒಪ್ಪಿಸುತ್ತಾನೆ. ಉದ್ಧರಣ ಚಿಹ್ನೆಯಾಗಲಿ ‘ಎಂದು’ ಆಗಲಿ ಇಲ್ಲದೆ ಪಾತ್ರದ ಮಾತು ನಿರೂಪಣೆಯೊಳಗೆ ಹರಿದುಬರುವ ಈ ಕ್ರಮ ನವ್ಯ ಕಥಾಸಾಹಿತ್ಯದಲ್ಲಿ ವ್ಯಾಪಕವಾಗಿ ಬಳಕೆಗೊಂಡಿತು. ಅನಂತಮೂರ್ತಿ, ಚಿತ್ತಾಲರಂಥ ಲೇಖಕರ ಗದ್ಯವನ್ನು ಪಾಠ ಹೇಳುವಾಗ ‘ಪ್ರಜ್ಞಾಪ್ರವಾಹ’ ಎಂಬ ಹೆಸರನ್ನು ಬರೆಸುವುದಕ್ಕಿಂತ, ಇಂತಹ ಎರಡು ವಾಕ್ಯಗಳನ್ನು ತಪ್ಪಾಗಿ ತಿದ್ದಿ ತೋರಿಸುವುದು ಹೆಚ್ಚು ಫಲಕಾರಿ.

‘ತಾನು’ ಎಂಬ ಆತ್ಮಾರ್ಥಕ ಸರ್ವನಾಮದ ವಿಷಯದಲ್ಲಿ ಇನ್ನಷ್ಟು ನಿಲ್ಲಬೇಕಾಗುತ್ತದೆ. ‘ತಾನು ಅಣ್ಣನನ್ನು ಹುಡುಕಿಕೊಂಡು ಬಂದಿದ್ದೇನೆ ಎಂದಳು’ ಎಂಬಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ಪುರುಷಸಾಮ್ಯವಿಲ್ಲ. ‘ತಾನು’ ನಿರೂಪಕನ ಕಡೆಯಿಂದ ಬಂದ ಪದ; ‘ಬಂದಿದ್ದೇನೆ’ ಎಂಬುದು ನಿಂಗಮ್ಮನ ಬಾಯಿಂದಲೇ ಬಂದದ್ದು. ಪಠ್ಯಪುಸ್ತಕದ ನೇರ ಮತ್ತು ಪರೋಕ್ಷ ಕಥನಗಳ ಪಾಠವನ್ನು ಅನುಸರಿಸಿದರೆ ಇದನ್ನು ‘ನಾನು ಬಂದಿದ್ದೇನೆ’ ಎಂದಾಗಲಿ ‘ತಾನು ಬಂದಿರುವುದಾಗಿ ಹೇಳಿದಳು’ ಎಂದಾಗಲಿ ಮಾಡಬೇಕು. ಇನ್ನು ‘ಅವಳು ಬಂದಿದ್ದಾಳೆ ಎಂದಳು’ ಎಂದರೆ ಬೇರೊಬ್ಬಳ ಮಾತಾಗಿಬಿಡುತ್ತದೆ. ಕನ್ನಡಿಗರು ಆಡುವಾಗಲೂ ಬರೆಯುವಾಗಲೂ ಧಾರಾಳವಾಗಿ ಬಳಸುವ ಆ ಮಿಶ್ರರೂಪವನ್ನು ದೋಷವೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳಿದರೆ ಕನ್ನಡ ಕಥನಕ್ಕೆ ಸಹಜವಾಗಿ ಒದಗಿಬಂದ, ನಿರೂಪಕನೂ ಪಾತ್ರವೂ ಒಂದೇ ವಾಕ್ಯದಲ್ಲಿ ಪಾಲುಗೊಳ್ಳುವ ಒಂದು ಮಾರ್ಗವೇ ಮುಚ್ಚಿಹೋಗುತ್ತದೆ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಎಂಬ ಗ್ರಂಥದಲ್ಲಿ ಕನ್ನಡದ ವ್ಯಾಕರಣವು ಕನ್ನಡ ವಾಕ್ಯಗಳ ನೈಜ ರಚನೆಯಿಂದಲೇ ಹೊರಡಬೇಕೆಂದು ವಾದಿಸಿದರು. ಅವರ ಎಲ್ಲ ನಿರ್ಣಯಗಳನ್ನು ಒಪ್ಪದವರಿಗೂ ಈ ಒಂದು ವಾಕ್ಯ ಆ ಬೇಡಿಕೆಯ ಅಗತ್ಯವನ್ನು ಮನಗಾಣಿಸುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ‘ತನ್ನ’ ಎಂಬ ಪದ ನಿಜವಾಗಿಯೂ ತೊಡಕನ್ನುಂಟುಮಾಡುವ ಸ್ಥಳಗಳೂ ಇವೆ. ‘ರಾಮಪ್ಪ ತಮ್ಮನಿಗೆ ತನ್ನ ಹೊಲವನ್ನು ಉಳಲು ಹೇಳಿದ’ ಎಂದರೆ ಹೊಲ ಯಾರದು? ಪಾಲುಪಟ್ಟಿಯ ಜಗಳವೇ ವಸ್ತುವಾಗಿರುವ ಕಥೆಯಲ್ಲಿ ಇದು ಸಣ್ಣ ಸಂದೇಹವಲ್ಲ. ಕರಡು ತಿದ್ದುವವನು ಇಲ್ಲಿ ಸುಮ್ಮನಿರುವಂತಿಲ್ಲ. ತಾನೇ ತೀರ್ಮಾನಿಸುವಂತೆಯೂ ಇಲ್ಲ. ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಲೇಖಕನನ್ನು ಕೇಳುವುದು ಮುದ್ರಣಾಲಯಗಳ ಹಳೆಯ ಪದ್ಧತಿ. ತರಗತಿಗಳಲ್ಲಿ ತಿದ್ದುವುದನ್ನು ಕಲಿಸಲಾಗುತ್ತದೆ, ಕೇಳುವುದನ್ನು ಕಲಿಸುವುದಿಲ್ಲ. ಮಾದರಿ ಖಂಡದಲ್ಲಿ ಆಳಿನ ಮಾತಿಗೆ ‘ಅಂದ’, ನಿಂಗಮ್ಮನ ಮಾತಿಗೆ ‘ಎಂದಳು’ ಎಂದಿರುವುದೂ ಕೇಳಬೇಕಾದ ಸ್ಥಳವೇ. ಎರಡೂ ನಿರೂಪಕನ ಪದಗಳು. ವ್ಯತ್ಯಾಸ ಉದ್ದೇಶಪೂರ್ವಕವೇ, ಕೈತಪ್ಪೇ ಎಂಬುದು ಬರೆದವನಿಗೆ ಮಾತ್ರ ಗೊತ್ತು.

ಸಾಹುಕಾರರು ‘ಹೋದರು’, ಆಳು ‘ಬಂದ’. ಈ ಗೌರವ ಬಹುವಚನದ ಸಮಸ್ಯೆ ಪಾಶ್ಚಾತ್ಯ ಮಾದರಿಯ ಕಥನ ಮೀಮಾಂಸೆಯಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಇಂಗ್ಲಿಷ್ ಕ್ರಿಯಾಪದಕ್ಕೆ ಈ ಹೊಣೆಯಿಲ್ಲ. ಇ. ಎಂ. ಫಾರ್ಸ್ಟರ್ 1927ರಲ್ಲಿ ಕಾದಂಬರಿಯ ಅಂಗಗಳನ್ನು ಕುರಿತು ನೀಡಿದ ಉಪನ್ಯಾಸಗಳಿಂದ ಬಂದ ದುಂಡು ಪಾತ್ರ, ಚಪ್ಪಟೆ ಪಾತ್ರಗಳ ವಿಂಗಡಣೆ ಕನ್ನಡ ತರಗತಿಗಳಿಗೆ ಚಿರಪರಿಚಿತ. ಆದರೆ ಕನ್ನಡದ ನಿರೂಪಕನು ವ್ಯಕ್ತಿಯೊಬ್ಬನ ಬಗ್ಗೆ ಕ್ರಿಯಾಪದವನ್ನು ಬಳಸಿದೊಡನೆ ಅವನಿಗೆ ಮರ್ಯಾದೆ ಕೊಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸಿಯೇ ತೀರಬೇಕು. ತಟಸ್ಥನಾಗಿರಲು ಅವನಿಗೆ ಅವಕಾಶವೇ ಇಲ್ಲ. ಜಾತಿ, ವಯಸ್ಸು, ಹಣ, ಲಿಂಗ ಇವೆಲ್ಲವೂ ‘ಅ’ಕಾರಕ್ಕೂ ‘ಅರು’ ಪ್ರತ್ಯಯಕ್ಕೂ ನಡುವಿನ ಅಂತರದಲ್ಲಿ ಅಡಗಿ ಕುಳಿತಿವೆ. ಏಕರೂಪತೆಯ ಹೆಸರಿನಲ್ಲಿ ‘ಸಾಹುಕಾರ ಹೋದ’ ಎಂದು ತಿದ್ದಿದರೆ ನಿಂಗಮ್ಮನ ಅಂಜಿಕೆ ಅಳಿಯುತ್ತದೆ. ‘ಆಳು ಬಂದರು’ ಎಂದರೆ ಅವಳು ಎಂದೂ ಕೇಳಿರದ ಶಿಷ್ಟಾಚಾರವೊಂದು ನುಸುಳುತ್ತದೆ. ಅಸಮತೆಯನ್ನು ಹಾಗೆಯೇ ಬಿಟ್ಟು, ‘ಈ ಮರ್ಯಾದೆ ಯಾರು ಕೊಟ್ಟದ್ದು, ನಿಂಗಮ್ಮನೋ ನಿರೂಪಕನೋ?’ ಎಂದು ಕೇಳಿದರೆ ದೃಷ್ಟಿಕೋನವೆಂಬ ಪರಿಭಾಷೆಗೆ ವಿದ್ಯಾರ್ಥಿಯ ಮುಂದೆ ಮೈಬಣ್ಣ ಬರುತ್ತದೆ.

ಉಪಭಾಷೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು; ಇಲ್ಲಿ ಕೆಂಪು ಶಾಯಿ ತಾಗುವುದು ಕಾಗದಕ್ಕೆ ಮಾತ್ರವಲ್ಲ, ಬರೆದವನ ಮನೆಮಾತಿಗೂ ಹೌದು. ‘ಸಂಭಾಷಣೆಯಲ್ಲಿ ಆಡುನುಡಿ, ನಿರೂಪಣೆಯಲ್ಲಿ ಗ್ರಾಂಥಿಕ’ ಎಂಬ ಸೂತ್ರವನ್ನು ಹಲವು ಅಧ್ಯಾಪಕರು ರಾಜಿಸೂತ್ರವಾಗಿ ಬಳಸುತ್ತಾರೆ. ಆರಂಭದ ಹಂತದಲ್ಲಿ ಅದು ಉಪಯುಕ್ತವೂ ಹೌದು. ಆದರೆ ನಿರೂಪಣೆಯನ್ನೇ ಆಡುನುಡಿಯಲ್ಲಿ ನಡೆಸುವ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಈ ಸೂತ್ರವನ್ನು ಮುರಿದೇ ನಿಂತಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರವಾದ ಆ ಕೃತಿಯನ್ನು ಒಂದು ಗಂಟೆಯಲ್ಲಿ ಮೆಚ್ಚಿ, ಮುಂದಿನ ಗಂಟೆಯಲ್ಲಿ ಅದೇ ಸೀಮೆಯ ವಿದ್ಯಾರ್ಥಿಯ ಕಥೆಯ ಪ್ರತಿ ಸಾಲಿಗೂ ಗೆರೆ ಎಳೆಯುವುದು ನ್ಯಾಯವೆನಿಸದು. ಮೊದಲ ತಲೆಮಾರಿನ ಬರಹಗಾರ ಇಂಥ ಒಂದೆರಡು ಹಾಳೆಗಳನ್ನು ಹಿಂದಕ್ಕೆ ಪಡೆದ ಮೇಲೆ ಬರೆಯುವುದನ್ನೇ ಬಿಟ್ಟರೆ ಅಚ್ಚರಿಪಡಬೇಕಾಗಿಲ್ಲ.

ಹಾಗೆಂದು ಆಡುನುಡಿಗೆ ತಿದ್ದುವಿಕೆಯೇ ಬೇಡವೆಂಬ ಔದಾರ್ಯವೂ ಸಲ್ಲದು. ಅದು ಒಂದು ಬಗೆಯ ಅಸಡ್ಡೆಯೇ. ಉಪಭಾಷೆಗೂ ತನ್ನದೇ ವ್ಯಾಕರಣವಿದೆ. ಒಂದೇ ಪಾತ್ರದ ಬಾಯಲ್ಲಿ ಒಮ್ಮೆ ಮಂಡ್ಯ ಕಡೆಯ ‘ಮಾಡ್ತಾವ್ನೆ’, ಇನ್ನೊಮ್ಮೆ ಧಾರವಾಡ ಕಡೆಯ ‘ಮಾಡಾಕತ್ತಾನ’ ಬಂದರೆ, ಅದಕ್ಕೆ ಕಥೆಯೊಳಗೆ ಕಾರಣವಿಲ್ಲದಿದ್ದಲ್ಲಿ, ಅದು ಸ್ಪಷ್ಟ ದೋಷ. ಒಂದು ಸಾಲಿನಲ್ಲಿ ‘ಆಲು’ ಎನ್ನುವ ಅಜ್ಜಿ ಮರುಸಾಲಿನಲ್ಲಿ ‘ಹಾಲು’ ಎಂದರೆ ಕರಡು ತಿದ್ದುವವನು ಗಮನಿಸಬೇಕು. ಅದೇ ‘ಆಲು’ ವಿದ್ಯಾರ್ಥಿಯ ಪ್ರಬಂಧದಲ್ಲಿಯೋ ಅರ್ಜಿಯಲ್ಲಿಯೋ ಬಂದರೆ ತಿದ್ದಲೇಬೇಕು. ‘ವಿಧ್ಯಾರ್ಥಿ’, ‘ಪ್ರಾಮುಖ್ಯತೆ’ ಮೊದಲಾದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅವು ಪಟ್ಟಿಯಿಂದ ಕಲಿಯಬಹುದಾದ ತಪ್ಪುಗಳು. ಹೀಗೆ ಒಂದೇ ರೂಪ ಒಂದೆಡೆ ದೋಷ, ಇನ್ನೊಂದೆಡೆ ಅದೋಷ ಎನಿಸುವುದು ಕನ್ನಡ ಪರಂಪರೆಗೆ ಹೊಸದೇನೂ ಅಲ್ಲ. 9ನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಾಗಿದೆ, ದೇಸಿಗಳು ಹಲವಾಗಿರುವುದರಿಂದ ಕನ್ನಡದಲ್ಲಿ ದೋಷವನ್ನು ಇಷ್ಟೇ ಎಂದು ಗೆರೆ ಕೊರೆಯುವುದು ಎಷ್ಟು ಕಷ್ಟವೆಂಬ ಅರಿವು ಅಲ್ಲಿಯೇ ಇದೆ.

ಈ ಹಿನ್ನೆಲೆಯಲ್ಲಿ ಬೋಧನೆಯ ಅನುಕ್ರಮವನ್ನು ಬದಲಾಯಿಸುವುದು ಉಚಿತ. ವಸ್ತು, ಪಾತ್ರಗಳಿಂದ ಆರಂಭಿಸುವ ಬದಲು ನಿರೂಪಕನಿಂದ ಆರಂಭಿಸಬಹುದು. ಹೊಸಹಳ್ಳಿಯ ರಂಗನ ಮದುವೆಯನ್ನು ಕುರಿತ ಮಾಸ್ತಿಯವರ ಕಥೆ ಇದಕ್ಕೆ ಅನುಕೂಲವಾದ ಪಠ್ಯ. ಅಲ್ಲಿ ನಿರೂಪಕ ಶ್ಯಾಮನು ಕಥೆಗೆ ಬರುವ ಮೊದಲು ತನ್ನ ಊರಿನ ಹೊಗಳಿಕೆಯಲ್ಲಿ ತೊಡಗುತ್ತಾನೆ. ಸಂಕ್ಷಿಪ್ತತೆಯೇ ಗುಣವೆಂದು ಕಲಿತವನು ಆ ಭಾಗವನ್ನು ಅನಾವಶ್ಯಕವೆಂದು ಹೊಡೆದುಹಾಕಿಯಾನು. ಹೊಡೆದ ಮೇಲೆ ಉಳಿದ ಕಥೆಯನ್ನು ಗಟ್ಟಿಯಾಗಿ ಓದಿಸಿದರೆ, ಹೋದದ್ದು ಏನೆಂಬುದು ಅಧ್ಯಾಪಕರು ಹೇಳದೆಯೇ ತಿಳಿಯುತ್ತದೆ.

ಪದಗಳ ನಡುವಿನ ತೆರಪಿಗೂ ಇದೇ ಬಗೆಯ ಅಭ್ಯಾಸವಿರಬೇಕು. ‘ಅವಳು ಓಡಿ ಹೋದಳು’ ಮತ್ತು ‘ಅವಳು ಓಡಿಹೋದಳು’ ಎಂಬ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆದರೆ ಸಾಕು. ಮೊದಲನೆಯವಳು ಅವಸರದಲ್ಲಿದ್ದಾಳೆ, ಎರಡನೆಯವಳು ಮನೆಯನ್ನೇ ಬಿಟ್ಟಿರಬಹುದು. ಅಕ್ಷರ ಜೋಡಿಸುವವರ ಕೈಯಲ್ಲಿ ಒಂದು ಹೆಣ್ಣಿನ ಮರ್ಯಾದೆಯೂ ಕಥೆಯ ಸಂವಿಧಾನವೂ ಕದಲುವುದಕ್ಕೆ ಇಷ್ಟು ಜಾಗ ಸಾಕಾಗುತ್ತದೆ.

ಈ ಕ್ರಮಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಶಿಷ್ಟರೂಪವೇ ಕೈಗೆ ಹತ್ತದ ವಿದ್ಯಾರ್ಥಿಗೆ ವಿನಾಯಿತಿಗಳನ್ನು ಕಲಿಸುವುದು ಹೇಗೆ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಆದ್ದರಿಂದಲೇ ಪ್ರಬಂಧ, ಪತ್ರ, ವರದಿಗಳ ಶುದ್ಧಿ ಮೊದಲ ಸೆಮಿಸ್ಟರಿನಲ್ಲಿಯೂ ಕಥನದ ಶುದ್ಧಿ ಅನಂತರವೂ ಬರುವುದು ಲೇಸು. ನೂರಾರು ಉತ್ತರಪತ್ರಿಕೆಗಳ ನಡುವೆ ಕಾರಣಗಳನ್ನು ಓದಿ ಅಂಕ ನೀಡಲು ಸಮಯವೆಲ್ಲಿ ಎಂಬುದು ಎರಡನೆಯದು. ಇದಕ್ಕೆ ಪ್ರಶ್ನೆಪತ್ರಿಕೆಯ ಸ್ವರೂಪದಲ್ಲಿಯೇ ಉತ್ತರ ಹುಡುಕಬೇಕು. ಹತ್ತು ಬಿಡಿ ವಾಕ್ಯಗಳ ಬದಲು ಒಂದೇ ಖಂಡವನ್ನು ಕೊಟ್ಟು, ತಿದ್ದಬೇಕಾದ ಎರಡು, ಬಿಡಬೇಕಾದ ಎರಡು, ಲೇಖಕನನ್ನು ಕೇಳಬೇಕಾದ ಒಂದು ಸ್ಥಳವನ್ನು ಗುರುತಿಸಿ ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣ ಬರೆಯಲು ಹೇಳಿದರೆ ಮೌಲ್ಯಮಾಪನದ ಹೊರೆ ಅಷ್ಟೇನೂ ಹೆಚ್ಚಾಗದು.

ಗಣಕಯಂತ್ರದ ಪದಪರೀಕ್ಷಕ ಬಂದಿರುವಾಗ ಈ ಶ್ರಮವೇಕೆಂದು ಕೇಳುವವರು ಮಾದರಿ ಖಂಡವನ್ನೇ ಅದಕ್ಕೆ ಒಪ್ಪಿಸಬೇಕು. ಬಿಡಿ ಪದಗಳನ್ನು ನಿಘಂಟಿನೊಡನೆ ಹೋಲಿಸುವ ತಂತ್ರಾಂಶಕ್ಕೆ ‘ಕವಿದಿತ್ತು’ ಸರಿಯಾದ ಪದ. ‘ಎಂದು’ ಮತ್ತು ‘ಕೊಂಡಳು’ ಕೂಡ ಸರಿಯಾದ ಪದಗಳೇ. ಅದು ಕೆಂಪು ಗೆರೆ ಎಳೆಯುವುದು ‘ಬೇಕಾಗಿತ್ತವ್ವಾ’ ಎಂಬುದರ ಕೆಳಗೆ. ಆ ಗೆರೆಯನ್ನು ಕಂಡೊಡನೆ ‘ನಿಮಗೆ ಯಾರು ಬೇಕಾಗಿತ್ತು?’ ಎಂದು ಬದಲಾಯಿಸುವ ಪದವೀಧರರೇ ನಾಳೆ ಪತ್ರಿಕಾಲಯಗಳಲ್ಲಿಯೂ ಪ್ರಕಾಶನ ಸಂಸ್ಥೆಗಳಲ್ಲಿಯೂ ಕರಡಚ್ಚಿನ ಮುಂದೆ ಕೂರುತ್ತಾರೆ. ಹೊಸ ಲೇಖಕರ ಹಸ್ತಪ್ರತಿಗಳು ಅವರ ಮೇಜನ್ನು ದಾಟಿಯೇ ಓದುಗರನ್ನು ತಲುಪಬೇಕಾಗಿದೆ.