ಬಲ್ಬ್ ಉರಿಯಲಿಲ್ಲ, ಎತ್ತು ಬಿತ್ತು

ನಮ್ಮ ಹೊಲ ಕುಷ್ಟಗಿ ತಾಲೂಕಿನ ಕೆಂಪು ನೆಲದ್ದು. ಒಂದು ಬೋರು, 5 ಎಚ್.ಪಿ. ಸಬ್‌ಮರ್ಸಿಬಲ್ ಮೋಟಾರು, ಎರಡು ಎಕರೆ ದಾಳಿಂಬೆ. 2019ರ ಬೇಸಿಗೆಯ ಒಂದು ಸಂಜೆ ತೊಟ್ಟಿಗೆ ನೀರು ಕುಡಿಯಲು ಹೋದ ಎತ್ತು, ಪೈಪಿಗೆ ಮೂಗು ತಾಗಿಸಿದ್ದೇ ತಡ, ದಬ್ಬನೆ ಬಿತ್ತು. ಮತ್ತೆ ಏಳಲಿಲ್ಲ. ಮೋಟಾರು ಬಂದ್ ಇತ್ತು. ಹಾಗಾದರೆ ಕರೆಂಟು ಬಂದದ್ದೆಲ್ಲಿಂದ?

ಶೆಡ್ಡಿನ ಬಲ್ಬಿನಿಂದ!

ತಪ್ಪು ನಮ್ಮದೇ

ನಮ್ಮ ಪಂಪಿಗೆ ಬಂದಿರುವುದು ಮೂರು ಫೇಸು ಮಾತ್ರ, ನ್ಯೂಟ್ರಲ್ ಇಲ್ಲ. ಬಹಳ ಹೊಲಗಳಲ್ಲಿ ಹೀಗೇ. ರಾತ್ರಿ ಬೆಳಕು ಬೇಕಲ್ಲ? ಮೇನ್ ಸ್ವಿಚ್ಚಿನಿಂದ ಒಂದು ಫೇಸು ಎಳೆದು ಬಲ್ಬಿಗೆ ಕೊಟ್ಟು, ಬಲ್ಬಿನ ಇನ್ನೊಂದು ತಂತಿಯನ್ನು ಬೋರಿನ ಪೈಪಿಗೆ ಸುತ್ತಿದ್ದೆವು. ಪೈಪು ಕೆಳಗಿನ ನೀರಿನವರೆಗೂ ಜಿ.ಐ. ಆಗಿದ್ದರಿಂದ ಕರೆಂಟು ಭೂಮಿಗೆ ಇಳಿಯುತ್ತಿತ್ತು, ಬಲ್ಬು ಉರಿಯುತ್ತಿತ್ತು. ಹತ್ತು ವರ್ಷ ಏನೂ ಆಗಲಿಲ್ಲ. ಆಗಲಿಲ್ಲ ಅಂತಲೇ ಧೈರ್ಯ.

ಆ ವರ್ಷ ಮೋಟಾರು ಎತ್ತಿದಾಗ ಜಿ.ಐ. ತೆಗೆದು ಎಚ್.ಡಿ.ಪಿ.ಇ. ಪೈಪು ಇಳಿಸಿದೆವು. ಕೇಸಿಂಗ್ ಹೇಗೂ ಪಿ.ವಿ.ಸಿ. ಮೇಲಿನ ಬೆಂಡು ಮತ್ತು ತೊಟ್ಟಿವರೆಗಿನ ಪೈಪು ಮಾತ್ರ ಕಬ್ಬಿಣದ್ದು, ಅದೂ ಒಣಗಿದ ಕಲ್ಲುಗಳ ಮೇಲೆ. ಬಲ್ಬಿನ ತಂತಿ ಹಿಂದಿನಂತೆ ಬೆಂಡಿಗೇ ಸುತ್ತಿತ್ತು. ಈಗ ಅದಕ್ಕೆ ಭೂಮಿಯ ಸಂಬಂಧವೇ ಇಲ್ಲ. ಬಲ್ಬು ಉರಿಯಲಿಲ್ಲ. "ಬಲ್ಬ್ ಹೋಗೇತಿ, ನಾಳೆ ತರೂಣು" ಅಂದು ಸ್ವಿಚ್ಚು ಹಾಗೇ ಬಿಟ್ಟೆ. ಕರೆಂಟು ಬಲ್ಬಿನ ಒಳಗಿನಿಂದ ಹಾದು ಪೈಪಿನಲ್ಲಿ ಕಾಯುತ್ತಾ ಕುಳಿತಿತ್ತು. ಎತ್ತು ಮುಟ್ಟಿತು, ದಾರಿ ಪೂರ್ತಿಯಾಯಿತು. ಎತ್ತಿನ ಜಾಗದಲ್ಲಿ ನನ್ನ ಮಗ ಇರಬಹುದಿತ್ತು. ದಿನಾ ಸಂಜೆ ಅಲ್ಲೇ ಕೈಕಾಲು ತೊಳೆಯುತ್ತಿದ್ದ.

ಫ್ಯೂಸು ಯಾಕೆ ಹೋಗಲಿಲ್ಲ?

ಗಂಗಾವತಿಯಲ್ಲಿ ಮೋಟಾರು ರಿವೈಂಡಿಂಗ್ ಮಾಡುವ ಮೇಸ್ತ್ರಿ ಲೆಕ್ಕ ಹಾಕಿ ತೋರಿಸಿದರು. 60 ವ್ಯಾಟಿನ ಬಲ್ಬಿನಲ್ಲಿ ಹರಿಯುವುದು ಕಾಲು ಆಂಪಿಯರು. ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ, ಜೀವ ತೆಗೆಯಲು ಅದಕ್ಕಿಂತ ಬಹಳ ಕಡಿಮೆ ಸಾಕು. ಫ್ಯೂಸು ಕಾಯುವುದು ತಂತಿಯನ್ನು, ನಮ್ಮನ್ನಲ್ಲ.

ಬರೀ ಅರ್ಥ್ ಇದ್ದರೂ ಸಾಲದು ಎಂದರು. ಸ್ಟಾರ್ಟರ್ ಡಬ್ಬಿಗೆ ಫೇಸು ತಾಗಿತು ಅನ್ನಿ. ನಿಮ್ಮ ಅರ್ಥಿನ ರೋಧ 30 ಓಮ್ ಇದ್ದರೆ 240 ವೋಲ್ಟಿಗೆ ಹರಿಯುವುದು 8 ಆಂಪಿಯರು. 5 ಎಚ್.ಪಿ. ಮೋಟಾರು ಓಡುವಾಗಲೇ ಹೆಚ್ಚುಕಡಿಮೆ ಅಷ್ಟು ಎಳೆಯುತ್ತದೆ. ಫ್ಯೂಸು ಹೋಗುವುದಿಲ್ಲ, ಡಬ್ಬಿ ಜೀವಂತವಾಗೇ ಉಳಿಯುತ್ತದೆ.

ನಮ್ಮ ಕೆಂಪು ಗರಸು ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ಥ್ ಸೋಲುತ್ತದೆ. ಯಲಬುರ್ಗಾ ಕಡೆಯ ಎರೆ ನೆಲ ತೇವ ಇರುವವರೆಗೆ ಚಲೋ, ಬಿರುಕು ಬಿಟ್ಟರೆ ಪೈಪಿಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ. ಗಂಗಾವತಿಯ ಕಾಲುವೆ ಕೆಳಗಿನ ಗದ್ದೆಯವರಿಗೆ ಅರ್ಥ್ ಚೆನ್ನಾಗಿ ಸಿಗುತ್ತದೆ, ಆದರೆ ಅವರ ಕಾಲು ಸದಾ ಒದ್ದೆ. ಒಂದೊಂದು ಕಡೆ ಒಂದೊಂದು ಅಪಾಯ.

ಈಗ ಮಾಡಿಕೊಂಡದ್ದು

1. ಭೂಮಿಗೆ ತಂತಿ ಕೊಟ್ಟು ಬಲ್ಬು ಉರಿಸುವುದು ಪೂರ್ತಿ ಬಂದ್. ಶೆಡ್ಡಿಗೆ ಸೋಲಾರ್ ದೀಪ ಇಟ್ಟಿದ್ದೇವೆ. ಮೊಬೈಲ್ ಚಾರ್ಜರಿಗೂ ಇದೇ ಮಾತು.

2. ಎರಡೂವರೆ ಮೀಟರ್ ಜಿ.ಐ. ಪೈಪು ನಿಲ್ಲಿಸಿ, ಸುತ್ತ ಇದ್ದಿಲು-ಉಪ್ಪು ತುಂಬಿದ ಎರಡು ಅರ್ಥ್ ಗುಂಡಿ. ಸ್ಟಾರ್ಟರ್ ಡಬ್ಬಿ, ಮೇನ್ ಸ್ವಿಚ್ಚು, ಕಬ್ಬಿಣದ ಪೈಪು ಎಲ್ಲಕ್ಕೂ 8 ನಂಬರಿನ ಜಿ.ಐ. ತಂತಿ. ಮೂರು ಫೇಸಿನ ಮೋಟಾರಿಗೆ ಎರಡು ಬೇರೆ ಬೇರೆ ಅರ್ಥ್ ಇರಬೇಕೆಂಬುದು ಸರಕಾರಿ ನಿಯಮ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು.

3. ಮೇನ್ ಸ್ವಿಚ್ಚಿನ ಮುಂದೆ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಕರೆಂಟು ಭೂಮಿಗೆ ಸೋರಿದರೆ ಕ್ಷಣದಲ್ಲಿ ಕಡಿಯುತ್ತದೆ. ಭೂಮಿಗೆ ಬಲ್ಬು ಕಟ್ಟಿದವರಲ್ಲಿ ಇದು ನಿಲ್ಲುವುದೇ ಇಲ್ಲ, ಹಾಗಾಗಿ ಬಿಚ್ಚಿಡುತ್ತಾರೆ. ಪದೇ ಪದೇ ಬಿದ್ದರೆ ಮೋಟಾರು, ಕೇಬಲ್ಲು ನೋಡಿಸಿ; ಅದನ್ನು ಬಿಚ್ಚಬೇಡಿ.

4. ಆಟೋ ಸ್ಟಾರ್ಟರ್ ಇದ್ದವರು ರಿಪೇರಿಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ಚು ತೆಗೆದು, ಫ್ಯೂಸು ಕಿಸೆಯಲ್ಲಿ ಇಟ್ಟುಕೊಳ್ಳಿ. ಕರೆಂಟು ಬಂದರೆ ಮೋಟಾರು ನಿಮ್ಮನ್ನು ಕೇಳಿ ಶುರುವಾಗುವುದಿಲ್ಲ. ಕೆಪಾಸಿಟರು ಕರೆಂಟು ಹೋದ ಮೇಲೂ ಸ್ವಲ್ಪ ಹೊತ್ತು ಹೊಡೆಯುತ್ತದೆ.

5. ಟಿ.ಸಿ.ಯ ಕೆಲಸ ನಮ್ಮದಲ್ಲ. ಜೆಸ್ಕಾಂ ಲೈನ್‌ಮನ್ ಬರುವವರೆಗೆ ಕಾಯುವುದು. ಶೆಡ್ಡಿನ ವೈರಿಂಗನ್ನೂ ಲೈಸೆನ್ಸ್ ಇದ್ದವರಿಂದಲೇ ಮಾಡಿಸಿ.

ಇದಕ್ಕೆಲ್ಲ ಆದ ಖರ್ಚು ಆ ಎತ್ತಿನ ಬೆಲೆಯ ಕಾಲುಭಾಗವೂ ಅಲ್ಲ. ಮೊದಲೇ ಮಾಡಿದ್ದರೆ ಜೋಡಿ ಒಡೆಯುತ್ತಿರಲಿಲ್ಲ.

ಈ ಸಂಜೆಯೇ ನಿಮ್ಮ ಶೆಡ್ಡಿಗೆ ಹೋಗಿ ನೋಡ್ರಿ. ಬಲ್ಬಿನ ಎರಡನೇ ತಂತಿ ಎಲ್ಲಿಗೆ ಹೋಗಿದೆ? ಪೈಪಿಗೋ, ಗೂಟಕ್ಕೋ ಹೋಗಿದ್ದರೆ ಮೇನ್ ತೆಗೆದು ಅದನ್ನು ಬಿಚ್ಚಿ ಹಾಕಿ. ಮುಂದೆ ಯಾವತ್ತಾದರೂ ಬಲ್ಬು ಉರಿಯದಿದ್ದರೆ, ಹೊಸ ಬಲ್ಬು ತರುವ ಮುಂಚೆ ಪೈಪಿಗೊಮ್ಮೆ ಟೆಸ್ಟರ್ ಹಿಡಿಯಿರಿ. ನಾನು ಹಿಡಿಯಲಿಲ್ಲ.