ನಡುದಾರಿಯಲ್ಲಿ ನಿಲ್ಲುವ ಗಣಕಯಂತ್ರ: ದೋಷ ಪತ್ತೆಯ ಕ್ರಮ

ಕೇರಳದಲ್ಲಿ 2001ರಲ್ಲಿ ಆರಂಭಗೊಂಡ ‘ಐಟಿ ಅಟ್ ಸ್ಕೂಲ್’ ಯೋಜನೆಯೂ 2017ರಲ್ಲಿ ಅದರ ಸ್ಥಾನಕ್ಕೆ ಬಂದ ‘ಕೈಟ್’ ಸಂಸ್ಥೆಯೂ ಲಿನಕ್ಸ್ ಎಂಬ ಸ್ವತಂತ್ರ ತಂತ್ರಾಂಶವನ್ನು ಶಾಲೆಗಳಿಗೆ ತಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿಯೇ ಗಣಕಯಂತ್ರದ ಪಾಠ ಕಲಿಯುತ್ತಾರೆ. ಆದುದರಿಂದ ಮನೆಯ ಹಳೆಯ ಕಂಪ್ಯೂಟರಿನಲ್ಲಿಯೂ ಲಿನಕ್ಸ್ ಅಳವಡಿಸುವ ಪ್ರಯತ್ನ ಸಹಜ. ಆದರೆ ಕೆಲವೊಮ್ಮೆ ಅಳವಡಿಕೆ ಅರ್ಧಕ್ಕೇ ನಿಂತುಬಿಡುತ್ತದೆ. ಆಗ ‘ಈ ತಂತ್ರಾಂಶವೇ ಸರಿಯಿಲ್ಲ’ ಎಂದೋ ‘ಯಂತ್ರ ಗುಜರಿಗೆ ಯೋಗ್ಯ’ ಎಂದೋ ತೀರ್ಪು ಕೊಡುವವರೇ ಹೆಚ್ಚು. ಪರೀಕ್ಷಿಸದೆ ಕೊಡುವ ಈ ಎರಡು ತೀರ್ಪುಗಳೂ ಅವಸರದವು.

ಮೊದಲು ಗಮನಿಸಬೇಕಾದುದು, ಯಂತ್ರ ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಪ್ರತಿ ಸಲವೂ ಒಂದೇ ಹಂತದಲ್ಲಿ ನಿಂತರೆ ತಂತ್ರಾಂಶದ ಪ್ರತಿಯನ್ನೋ, ಯಂತ್ರದ ಯಾವುದಾದರೊಂದು ಭಾಗದೊಂದಿಗೆ ಅದಕ್ಕಿರುವ ಹೊಂದಾಣಿಕೆಯನ್ನೋ ಶಂಕಿಸಬೇಕು. ಒಮ್ಮೆ ಇಲ್ಲಿ, ಮತ್ತೊಮ್ಮೆ ಅಲ್ಲಿ ನಿಂತರೆ ಯಂತ್ರಾಂಶದಲ್ಲಿಯೇ ದೋಷವಿರುವ ಸಂಭವ ಹೆಚ್ಚು. ಇದು ಸಂಪೂರ್ಣ ನಿಯಮವಲ್ಲ. ಆದರೆ ಒಳ್ಳೆಯ ದಾರಿದೀಪ.

ಪ್ರತಿಯ ಪರೀಕ್ಷೆ ಸುಲಭ. ಇಳಿಸಿಕೊಂಡ ಕಡತದ ‘ಶಾ-256’ ಮೊತ್ತವನ್ನು ಪ್ರಕಾಶಕರು ಕೊಟ್ಟ ಮೊತ್ತದೊಂದಿಗೆ ತಾಳೆ ನೋಡಬೇಕು. ಒಂದು ಅಕ್ಷರ ವ್ಯತ್ಯಾಸವಾದರೂ ಆ ಪ್ರತಿ ಬೇಡ. ಮೊತ್ತ ಸರಿಯಿದ್ದರೆ ಬೇರೊಂದು ಪೆನ್‌ಡ್ರೈವಿನಿಂದ ಪ್ರಯತ್ನಿಸಬೇಕು.

ಎರಡನೆಯದು ಮೆಮೊರಿ. ‘ಹಿಂದಿನ ವ್ಯವಸ್ಥೆ ಇದೇ ಯಂತ್ರದಲ್ಲಿ ಓಡುತ್ತಿತ್ತಲ್ಲ?’ ಎಂಬ ಪ್ರಶ್ನೆ ಏಳಬಹುದು. ಅಳವಡಿಕೆಯ ವೇಳೆ ಅದುಮಿಟ್ಟ ಸಾವಿರಾರು ಕಡತಗಳು ಬಿಚ್ಚಿಕೊಳ್ಳುತ್ತವೆ. ಅಲ್ಲಿ ಒಂದೇ ಒಂದು ಬಿಟ್ ತಪ್ಪಿದರೂ ಕಡತ ಕೆಡುತ್ತದೆ. ಅಲ್ಲದೆ ಲಿನಕ್ಸ್ ಖಾಲಿ ಉಳಿದ ಮೆಮೊರಿಯನ್ನೂ ಡಿಸ್ಕಿನ ದತ್ತಾಂಶ ಇಡಲು ಬಳಸಿಕೊಳ್ಳುವುದರಿಂದ ಮೂಲೆಯಲ್ಲಿ ಅಡಗಿದ್ದ ದೋಷ ಬಯಲಿಗೆ ಬರುತ್ತದೆ. ‘ಮೆಮ್‌ಟೆಸ್ಟ್86 ಪ್ಲಸ್’ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಆರಂಭಿಸಿ ರಾತ್ರಿಯಿಡೀ ಓಡಿಸಬೇಕು. ಒಂದೇ ತಪ್ಪು ಕಂಡರೂ ಅದನ್ನು ಅಲಕ್ಷಿಸಲಾಗದು. ಆಗ ವಿದ್ಯುತ್ ಸಂಪರ್ಕ ತೆಗೆದು, ಮೆಮೊರಿ ಪಟ್ಟಿಗಳನ್ನು ಹೊರತೆಗೆದು, ಸಂಪರ್ಕದ ಅಂಚನ್ನು ಶುಚಿಗೊಳಿಸಿ, ಒಂದೊಂದನ್ನೇ ಹಾಕಿ ಮತ್ತೆ ಪರೀಕ್ಷಿಸಬೇಕು. ತಪ್ಪು ಪಟ್ಟಿಯೊಂದಿಗೆ ಹೋದರೆ ದೋಷ ಪಟ್ಟಿಯದು. ಒಂದೇ ಕಿಂಡಿಯಲ್ಲಿ ಉಳಿದರೆ ಕಿಂಡಿಯದು.

ಮೂರನೆಯದು ಉಷ್ಣ ಮತ್ತು ವಿದ್ಯುತ್ತು. ಯಂತ್ರ ಹತ್ತು ನಿಮಿಷ ಓಡಿ ತಟ್ಟನೆ ಆರಿದರೆ ಫ್ಯಾನಿನ ಧೂಳು, ಪ್ರೊಸೆಸರಿನ ಮೇಲೆ ಒಣಗಿದ ಶಾಖವಾಹಕ ಲೇಪ, ಮದರ್‌ಬೋರ್ಡಿನಲ್ಲಿ ಉಬ್ಬಿದ ಕೆಪಾಸಿಟರ್‌ಗಳು ಇವೆಯೇ ಎಂದು ನೋಡಬೇಕು. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಸಂಪರ್ಕ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಸರಿಯಿರುವ ಮತ್ತೊಂದನ್ನು ಜೋಡಿಸಿ ನೋಡುವುದೇ ಕ್ಷೇಮ.

ಕೊನೆಯದು ಹಾರ್ಡ್ ಡಿಸ್ಕ್. ‘ಸ್ಮಾರ್ಟ್‌ಸಿಟಿಎಲ್’ ಎಂಬ ಆದೇಶ ಡಿಸ್ಕ್ ತಾನೇ ಬರೆದಿಟ್ಟುಕೊಂಡ ಆರೋಗ್ಯದ ಲೆಕ್ಕವನ್ನು ತೋರಿಸುತ್ತದೆ. ಅದರಲ್ಲಿ 5 ಮತ್ತು 197ನೆಯ ಸಾಲುಗಳ ಎಣಿಕೆ ಏರುತ್ತಿದ್ದರೆ ಡಿಸ್ಕಿನ ಮೇಲ್ಮೈ ಕೆಡುತ್ತಿದೆ ಎಂದರ್ಥ. 199ನೆಯ ಸಾಲು ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲಿನ ದೋಷ. ಡಿಸ್ಕನ್ನು ಎಸೆಯುವ ಮೊದಲು ಕೇಬಲನ್ನು ಬದಲಿಸಿ ನೋಡಬೇಕು.

ಒಮ್ಮೆಗೆ ಒಂದನ್ನೇ ಬದಲಿಸುವುದು, ಕಂಡುದನ್ನು ಬರೆದಿಡುವುದು ಇಲ್ಲಿ ಮುಖ್ಯ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಓಡೀತು, ಕಾರಣ ತಿಳಿಯದು.

ನಿಂತುಹೋಗುವ ಯಂತ್ರಕ್ಕಿಂತಲೂ ಮೆಮೊರಿ ಕೆಟ್ಟೂ ಓಡುತ್ತಿರುವ ಯಂತ್ರ ಹೆಚ್ಚು ಅಪಾಯಕಾರಿ. ಅದು ಅಂಕಪಟ್ಟಿಯಲ್ಲಾಗಲಿ ಪ್ರವೇಶ ದಾಖಲೆಯಲ್ಲಾಗಲಿ ಸದ್ದಿಲ್ಲದೆ ತಪ್ಪನ್ನು ಬರೆದಿಡಬಲ್ಲುದು. ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ತಮ್ಮ ಹಳೆಯ ಕಂಪ್ಯೂಟರನ್ನು ಶಾಲೆಗೆ ಕೊಡಬಯಸುವ ಹಳೆ ವಿದ್ಯಾರ್ಥಿಗಳು ಮೊದಲು ಒಂದು ರಾತ್ರಿಯ ಪರೀಕ್ಷೆಗೆ ಅದನ್ನು ಒಡ್ಡಲಿ. ಆ ಫಲಿತಾಂಶವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದೊಂದಿಗೆ ಇಟ್ಟರೆ ಕೊಡುಗೆ ಸಾರ್ಥಕವಾದೀತು.