ರೀಮ್ಯಾಪ್ ಮಾಡಿಸುವ ಹುಡುಗರಿಗೆ, ಧರಮಪೇಠದಿಂದ

ಹುಬ್ಬಳ್ಳಿ, ಬೆಂಗಳೂರಿನಿಂದ ಕೆಲಸಕ್ಕೆಂದು ನಾಗಪುರಕ್ಕೆ ಬರುವ ನಮ್ಮ ಹುಡುಗರು ಕಾರನ್ನೂ ಜೊತೆಗೆ ತರುತ್ತಾರೆ. ಲಕ್ಷ್ಮೀಭವನ ಚೌಕದಲ್ಲಿ ಸಿಕ್ಕರೆ ಮಾತೆಲ್ಲ ಇಸಿಯು ಅನ್ನುವ ಎಂಜಿನ್ ಕಂಪ್ಯೂಟರಿಗೆ ಹೊಸ ಫೈಲ್ ಬರೆಸುವ ರೀಮ್ಯಾಪ್‌ದೇ. ತಮ್ಮಾ, ಟ್ಯೂನರ್ ಕೈಗೆ ಹಣ ಕೊಡುವ ಮೊದಲು ಇಷ್ಟು ಕೇಳಿಸಿಕೋ.

• ಎಂಜಿನ್ ಒಂದೇ ಅಂದ ಮಾತ್ರಕ್ಕೆ ಫೈಲ್ ಒಂದೇ ಆಗುವುದಿಲ್ಲ. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಮಾರುತಿಯಲ್ಲಿ ಡಿಡಿಐಎಸ್ ಆಯಿತು, ಟಾಟಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್ ಆಯಿತು. ಮಾರುತಿಯಲ್ಲೇ ಸ್ವಿಫ್ಟ್‌ನದು 75 ಪಿಎಸ್. ಎರ್ಟಿಗಾದ್ದು ವೇರಿಯಬಲ್ ಟರ್ಬೊ ಇರುವ 90 ಪಿಎಸ್. ಎರ್ಟಿಗಾದ ಫೈಲನ್ನು ಸ್ವಿಫ್ಟಿಗೆ ಹಾಕಿದರೆ, ಇಲ್ಲದ ಟರ್ಬೊ ರೆಕ್ಕೆಗಳಿಗೆ ಇಸಿಯು ಅಪ್ಪಣೆ ಕೊಡುತ್ತಾ ಕೂರುತ್ತದೆ.

• ಇಸಿಯು ಡಬ್ಬಿಯ ಮೇಲಿನ ಲೇಬಲ್ ಓದು. ಬಾಷ್ ಆದರೆ ಡೀಸೆಲ್‌ನ ಹಾರ್ಡ್‌ವೇರ್ ನಂಬರ್ 0281ರಿಂದ, ಪೆಟ್ರೋಲ್‌ನದು 0261ರಿಂದ ಶುರು. 1037ರಿಂದ ಶುರುವಾಗುವುದು ಸಾಫ್ಟ್‌ವೇರ್ ನಂಬರ್. ಸರ್ವಿಸ್‌ನಲ್ಲಿ ಅಪ್‌ಡೇಟ್ ಆಗಿದ್ದರೆ ಲೇಬಲ್ ಹಳೆಯದಾಗಿರುತ್ತದೆ, ಆದ್ದರಿಂದ ಸ್ಕ್ಯಾನರ್ ತೋರಿಸಿದ್ದೇ ಖರೆ. ಹಾರ್ಡ್‌ವೇರ್ ಒಂದೇ ಇದ್ದರೂ ಸಾಫ್ಟ್‌ವೇರ್ ಆವೃತ್ತಿ ಬದಲಾದರೆ ಇಂಧನದ ಕೋಷ್ಟಕ ಮೆಮೊರಿಯಲ್ಲಿ ಬೇರೆ ಜಾಗಕ್ಕೆ ಹೋಗಿರಬಹುದು. ಎರಡೂ ನಂಬರ್ ಟ್ಯೂನರ್ ಹಾಕುವ ಫೈಲಿಗೆ ತಾಳೆಯಾಗದಿದ್ದರೆ ಎದ್ದು ಬಾ.

• "ಎಲ್ಲಾ ಗಾಡಿಗೂ ಆಗ್ತದೆ" ಅನ್ನುವವನನ್ನು ನಂಬಬೇಡ. 2015ರ ಡೀಸೆಲ್ ಹಗರಣದ ನಂತರ ಫೋಕ್ಸ್‌ವ್ಯಾಗನ್ ಭಾರತದಲ್ಲಿ ಸುಮಾರು 3.23 ಲಕ್ಷ ಕಾರುಗಳನ್ನು ಸಾಫ್ಟ್‌ವೇರ್ ತಿದ್ದಲು ವಾಪಸ್ ಕರೆಯಿತು. ಅದಕ್ಕೆ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿಗೆ ಬೇಕಾಯಿತು. ಯುರೋಪಿನಲ್ಲಿ ಅದೇ ಇಎ189 ಕುಟುಂಬದ 2.0 ಲೀಟರಿಗೆ ಸಾಫ್ಟ್‌ವೇರ್ ಸಾಕಾಯಿತು, 1.6ಕ್ಕೆ ಗಾಳಿಯ ಹರಿವು ಸರಿಪಡಿಸುವ ಜಾಲರಿಯನ್ನೂ ಕೂರಿಸಬೇಕಾಯಿತು. ತಯಾರಿಸಿದವರಿಗೇ ಇಷ್ಟು ಪಾಡು.

• ಮೂಲ ಫೈಲ್ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆ. ಇನ್ನೊಂದು ಮಾತು: ಹೊಸ ಗಾಡಿಗಳಲ್ಲಿ ಒಬಿಡಿ ಪೋರ್ಟ್‌ನಿಂದ ಎಷ್ಟೋ ಸಲ ನಿಜವಾಗಿ ಓದುವುದೇ ಇಲ್ಲ, ಟೂಲು ಇಸಿಯು ನಂಬರ್ ನೋಡಿ ಸರ್ವರ್‌ನಿಂದ ಅಂಥದ್ದೇ ಫೈಲ್ ಇಳಿಸಿಕೊಳ್ಳುತ್ತದೆ. ನಿನ್ನ ಗಾಡಿಯೊಳಗಿದ್ದದ್ದು ಅದೇನಾ ಎಂದು ಕೇಳು.

• ಫೈಲ್ ಬರೆಯುವಾಗ ವೋಲ್ಟೇಜ್ ಬೀಳಬಾರದು. ಇಗ್ನಿಷನ್ ಆನ್ ಇರುತ್ತದೆ, ಮೇ ತಿಂಗಳ ನಾಗಪುರದಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ಬ್ಯಾಟರಿ ಹೀರುತ್ತದೆ. ಸ್ಥಿರ ಪವರ್ ಸಪ್ಲೈ ಇಲ್ಲದ ಕಡೆ ಕೂರಬೇಡ. ಅರ್ಧಕ್ಕೆ ನಿಂತರೆ ಡಬ್ಬಿ ಬಿಚ್ಚಿ ಬೆಂಚ್ ಮೇಲೆ ಪುನಃ ಬರೆಯಲು ಬರುತ್ತದೆಯೇ, ಮೊದಲೇ ಕೇಳು.

• ಹೊರದೇಶದ ಪೆಟ್ರೋಲ್ ಫೈಲ್ ಬೇಡ. ಅದು ಅಲ್ಲಿಯ ಆಕ್ಟೇನ್, ಅಲ್ಲಿಯ ಚಳಿ ನಂಬಿ ಬರೆದದ್ದು. ನಮ್ಮಲ್ಲಿ ಪಂಪಿನಲ್ಲಿ ಶೇ 20ರವರೆಗೆ ಎಥನಾಲ್, ಹೊರಗೆ 45 ಡಿಗ್ರಿ.

• ಗುಜರಿಯ ಇಸಿಯು ತಂದು ಹಾಕಿದರೆ ಇಮ್ಮೊಬಿಲೈಜರ್ ನಿನ್ನ ಕೀಲಿಯನ್ನು ಗುರುತಿಸುವುದಿಲ್ಲ. ಡೀಸೆಲ್ ಆದರೆ ಇಂಜೆಕ್ಟರ್ ಮೇಲಿನ ಕೋಡ್‌ಗಳನ್ನೂ ಮತ್ತೆ ಬರೆಯಬೇಕು.

• ಹೊಗೆ ತಗ್ಗಿಸುವ ಡಿಪಿಎಫ್, ಇಜಿಆರ್ ತೆಗೆಸಬೇಡ. ಈ ಮಾತಿನಲ್ಲಿ ನನ್ನದು ರಾಜಿಯಿಲ್ಲ. ಆ ಹೊಗೆ ಟ್ರಾಫಿಕ್ ಪಾರ್ಕ್‌ನಲ್ಲಿ ಆಡುವ ಮಕ್ಕಳ ಎದೆಗೇ ಹೋಗುವುದು.

• ಕೆಎ ನಂಬರಿನ ಗಾಡಿ ಇಲ್ಲಿ 12 ತಿಂಗಳು ದಾಟಿದರೆ ಎಂಎಚ್ ನೋಂದಣಿ ಆಗಬೇಕು. ಆರ್‌ಸಿ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಟಿಒಗೂ ವಿಮೆಯವರಿಗೂ ರೀಮ್ಯಾಪ್ ಅದರಲ್ಲಿ ಬರುತ್ತದೆಯೇ ಎಂದು ಮೊದಲೇ ಬರೆದು ಕೇಳು, ಉತ್ತರವನ್ನು ಬರಹದಲ್ಲೇ ಇಟ್ಟುಕೋ.